ಸಮುದ್ರ ನೋಡಿ ಬಂದವರು

ಬಸವೇಶ್ವರನಗರದ ಆ ಮನೆಯೊಳಗೆ ಬರಬೇಕಾದರೆ ಒಂದು ವರ್ಷದಿಂದ ಗಾಳಿಯೂ ರೇವಣಸಿದ್ದಪ್ಪನವರ ಅಪ್ಪಣೆ ಕೇಳಬೇಕಿತ್ತು. ವಿದ್ಯುತ್ ಮಂಡಳಿಯಲ್ಲಿ ದುಡಿದು ನಿವೃತ್ತರಾದವರು. ಕಣ್ಣಿಗೆ ಕಾಣದ ಕರೆಂಟಿಗೆ ಬದುಕಿಡೀ ಹೆದರಿಕೊಂಡೇ ಕೆಲಸ ಮಾಡಿದ್ದರು. ಕಣ್ಣಿಗೆ ಕಾಣದ ಕೊರೊನಾಕ್ಕೂ ಅದೇ ಮರ್ಯಾದೆ ಕೊಟ್ಟರು. ಹಾಲಿನ ಪ್ಯಾಕೆಟ್ಟು ಸೋಪಿನ ನೀರಲ್ಲಿ ಮಿಂದೇ ಒಳಗೆ ಬರಬೇಕು. ತರಕಾರಿ ಉಪ್ಪು, ಅರಿಶಿನದ ನೀರಲ್ಲಿ ಮುಳುಗಿ ಕೂತಿರಬೇಕು. ಪೇಪರಿನವನಿಗೆ ಬರಬೇಡ ಎಂದಾಗಿತ್ತು. ಮೊಮ್ಮಗಳು ಅನಘಾ ಒಂದು ಸಲ ಸೀನಿದರೆ ಸಾಕು, ತಾತ ಹಜಾರದಿಂದ ಎದ್ದು ಮಹಡಿಗೆ ಹೋಗಿಬಿಡುತ್ತಿದ್ದರು.

ಅಪ್ಪಣೆ ಅವರದು, ತೊಳೆಯುವ ಕೈ ಮಾತ್ರ ಹೆಂಡತಿ ಜಯದೇವಿಯದು. ಸೋಪು, ಸ್ಯಾನಿಟೈಸರುಗಳಲ್ಲಿ ನೆನೆದು ನೆನೆದು ಅವಳ ಬೆರಳ ತುದಿಗಳು ಬಿರಿದಿದ್ದವು. ಮಗ ಚನ್ನವೀರೇಶ್ ಇನ್ಶೂರೆನ್ಸ್ ಕಂಪನಿಯೊಂದರ ಅಧಿಕಾರಿ. ನಾಳೆ ಏನಾದರೂ ಆದರೆ ಗತಿಯೇನು ಎಂದು ಊರವರನ್ನೆಲ್ಲ ಹೆದರಿಸುವ ಕೆಲಸ, ಈಗ ಮಲಗುವ ಕೋಣೆಯಿಂದಲೇ. ಸೊಸೆ ಸೌಮ್ಯಶ್ರೀ ವಿಜಯನಗರದ ಶಾಲೆಯೊಂದರಲ್ಲಿ ಟೀಚರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕುಕ್ಕರ್ ಕೂಗಿದಾಗಲೆಲ್ಲ ಮೈಕ್ ಆಫ್ ಮಾಡಿಕೊಂಡು ಪಾಠ ಮಾಡುತ್ತಿದ್ದಳು.

ಇನ್ನೊಬ್ಬಳು ಪುಟ್ಟಲಕ್ಷ್ಮಿ. ಹೇರೋಹಳ್ಳಿಯಿಂದ ಬಂದು ಹತ್ತು ವರ್ಷದಿಂದ ಆ ಬೀದಿಯ ನಾಲ್ಕು ಮನೆಗಳ ಕೆಲಸ ಮಾಡಿಕೊಂಡಿದ್ದವಳು. ಲಾಕ್‌ಡೌನ್ ಶುರುವಾದಾಗ ಬಿಡಿಸಿದ್ದವಳನ್ನು ಸಂಕ್ರಾಂತಿ ಕಳೆದ ಮೇಲೆ ಮತ್ತೆ ಕರೆಸಿದ್ದರು. ಆದರೆ ಮನೆಯೊಳಗೆ ಕಾಲಿಡುವಂತಿಲ್ಲ. ಪಕ್ಕದ ಓಣಿಯಿಂದ ಹಿತ್ತಲ ನಲ್ಲಿಗೆ ಹೋಗಿ, ಅಲ್ಲಿಟ್ಟ ಪಾತ್ರೆ ತೊಳೆದು, ಅಲ್ಲೇ ಬೋರಲು ಹಾಕಿ ಹೋಗಬೇಕು. ಅವಳು ಹೋದ ಮೇಲೆ ಜಯದೇವಿ ಅದೇ ಪಾತ್ರೆಗಳ ಮೇಲೆ ಬಿಸಿನೀರು ಸುರಿಯಬೇಕು. ಅದೂ ಯಜಮಾನರ ಅಪ್ಪಣೆಯೇ.

ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಸೌಮ್ಯಶ್ರೀ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು.

"ನನ್ನ ಕೈಲಿ ಆಗಲ್ಲ," ಎಂದಳು. "ಒಂದು ವರ್ಷ ಆಯ್ತು. ಎದ್ರೆ ಇದೇ ಟೇಬಲ್ಲು, ಬಿದ್ರೆ ಇದೇ ಸ್ಟೋವು. ನಮ್ಮ ಸ್ಟಾಫಲ್ಲಿ ಎಲ್ಲೂ ಹೋಗದೇ ಇರೋಳು ನಾನೊಬ್ಳೇ. ಒಬ್ರು ಊಟಿ, ಒಬ್ರು ಚಿಕ್ಕಮಗಳೂರು. ದಿನಾ ಬೆಳಗಾದ್ರೆ ಫೋಟೋ."

"ಹೋದವ್ರು ಹೋಗಿದ್ದನ್ನ ಹಾಕ್ತಾರಮ್ಮ. ಬಂದು ಆಸ್ಪತ್ರೆ ಸೇರಿದ್ದನ್ನ ಹಾಕಲ್ಲ," ಎಂದರು ರೇವಣಸಿದ್ದಪ್ಪ, ಅನ್ನಕ್ಕೆ ಮಜ್ಜಿಗೆ ಸುರಿದುಕೊಳ್ಳುತ್ತ.

"ಈಗೆಲ್ಲ ಕಮ್ಮಿ ಆಗಿದೆ ಅಪ್ಪಾಜಿ," ಚನ್ನವೀರೇಶ್ ಹೆಂಡತಿಯ ಮುಖ ನೋಡದೆ ಹೇಳಿದ. "ಹೋಂ ಸ್ಟೇ ರೇಟೂ ಅರ್ಧಕ್ಕೆ ಇಳಿದಿದೆ."

"ಆ ಅರ್ಧ ರೇಟಲ್ಲೇ ಕೊರೊನಾನೂ ಕೊಟ್ಟು ಕಳಿಸ್ತಾರೆ."

"ಬೀಚ್‌ಗೆ ಹೋಗೋಣ ತಾತಾ, ಪ್ಲೀಸ್," ಎಂದಳು ಅನಘಾ.

"ನಾನೂ ಸಮುದ್ರ ನೋಡಿಲ್ಲ," ಎಂದಳು ಜಯದೇವಿ.

ಎಲ್ಲರೂ ಅವಳ ಕಡೆ ತಿರುಗಿದರು. ಉಪ್ಪು ಬೇಕಾ, ತುಪ್ಪ ಬೇಕಾ ಎನ್ನುವುದನ್ನು ಬಿಟ್ಟು ಊಟದ ಹೊತ್ತಿನಲ್ಲಿ ಅವಳು ಬೇರೆ ಮಾತಾಡಿದ್ದು ಕಡಿಮೆ. ಹರಿಹರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ತುಂಗಭದ್ರೆಯಲ್ಲಿ ಬಟ್ಟೆ ಒಗೆದು, ಮದುವೆಯಾಗಿ ಬೆಂಗಳೂರಿಗೆ ಬಂದವಳು. ಮದುವೆಯಾದ ಹೊಸತರಲ್ಲಿ ಗಂಡ ಕಾರವಾರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು. ಆಮೇಲೆ ಮಗನ ಪರೀಕ್ಷೆ ಬಂತು, ಮನೆ ಕಟ್ಟುವುದು ಬಂತು, ಅತ್ತೆಯ ಕಾಯಿಲೆ ಬಂತು. ರಿಟೈರ್ ಆಗಲಿ, ಆರಾಮಾಗಿ ಹೋಗೋಣ ಎಂದರು. ರಿಟೈರ್ ಆದ ಮೇಲೆ ಮಂಡಿನೋವು ಬಂತು, ಅದರ ಹಿಂದೆಯೇ ಕೊರೊನಾ. ಜಯದೇವಿ ಇಷ್ಟು ವರ್ಷದಲ್ಲಿ ಒಂದು ಸಲವೂ ನೆನಪಿಸಿರಲಿಲ್ಲ. ಈಗ ಬಾಯಿ ತಪ್ಪಿ ಬಂದ ಮಾತಿಗೆ ಅವಳಿಗೇ ನಾಚಿಕೆಯಾಗಿ ಮಜ್ಜಿಗೆ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ರೇವಣಸಿದ್ದಪ್ಪ ಮಾರನೇ ದಿನ ಕಾಫಿ ಕುಡಿಯುವಾಗ "ಹೋಗೋದೇ ಆದ್ರೆ" ಎಂದು ಶುರುಮಾಡಿದರು. ಹೋಗುವುದೇ ಆದರೆ ನಮ್ಮ ಕಾರಿನಲ್ಲೇ ಹೋಗಬೇಕು. ದಾರಿಯಲ್ಲಿ ಯಾವ ಹೋಟೆಲಿನ ಮೆಟ್ಟಿಲೂ ಹತ್ತಬಾರದು. ಇಳಿದುಕೊಳ್ಳುವ ಮನೆಯಲ್ಲಿ ಬೇರೆ ಯಾರೂ ಇರಬಾರದು. ಹಾಸಿಗೆಯ ಮೇಲಿನ ಬಟ್ಟೆ, ದಿಂಬಿನ ಚೀಲ ನಮ್ಮದೇ. ಊಟ ನಮ್ಮದೇ. ದಿನಕ್ಕೊಂದು ಹೊಸ ನಿಯಮ ಸೇರಿತು, ನಿಯಮ ಸೇರಿದಷ್ಟೂ ಅವರ ಮುಖದಲ್ಲಿ ಕಳೆ ಏರಿತು. ಹೋಗಬಾರದು ಎಂದು ಪಟ್ಟು ಹಿಡಿದಿದ್ದ ಮನುಷ್ಯ ವಾರ ಕಳೆಯುವುದರೊಳಗೆ ಕಾರಿನ ಡಿಕ್ಕಿಯಲ್ಲಿ ಯಾವ ಚೀಲ ಎಲ್ಲಿ ಕೂರಬೇಕು ಎಂದು ಮಗನ ಜೊತೆ ವಾದಕ್ಕೆ ನಿಂತಿದ್ದರು.

ಅರವತ್ತು ದಾಟಿದವರಿಗೆ ಲಸಿಕೆ ಆಗ ತಾನೇ ಶುರುವಾಗಿತ್ತು. ಜಯದೇವಿ ಅದನ್ನು ಎತ್ತಿದಳು. "ಸೂಜಿ ಹಾಕಿಸ್ಕೊಂಡೇ ಹೋಗೋಣ ಕಣೋ ಚನ್ನ."

"ಹಾಕಿಸ್ಕೊಂಡ್ರೆ ಎರಡು ದಿನ ಜ್ವರ ಬರುತ್ತಂತೆ ಅಮ್ಮ. ಅಲ್ಲಿ ಹೋಗಿ ಮಲಗೋದಾ? ಬಂದ್ಮೇಲೆ ಹಾಕಿಸೋಣ."

"ಹೌದು, ಬಂದ್ಮೇಲೆ," ಎಂದರು ರೇವಣಸಿದ್ದಪ್ಪ. "ಆ ಕ್ಯೂನಲ್ಲಿ ನಿಂತೇ ಅಂಟಿಸ್ಕೊಂಡು ಬಂದವ್ರಿದಾರೆ."

ಊಟ ನಮ್ಮದೇ ಎಂದಮೇಲೆ ಕಟಕ ರೊಟ್ಟಿಯೇ ಆಗಬೇಕು. ಗರಿಗರಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರ. ಹರಿಹರದ ಕಡೆಯ ಜನ ಎಲ್ಲಿಗೆ ಹೊರಟರೂ ಗಂಟಿನಲ್ಲಿ ಇರುವುದು ಅದೇ. ಎಷ್ಟು ದಿನವಾದರೂ ಕೆಡುವುದಿಲ್ಲ. ಆದರೆ ಐದು ಜನಕ್ಕೆ ಸಾಲುವಷ್ಟು ರೊಟ್ಟಿ ಬಡಿಯಲು ಜಯದೇವಿಯ ಮಣಿಕಟ್ಟಿನಲ್ಲಿ ಶಕ್ತಿಯಿರಲಿಲ್ಲ.

ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಪುಟ್ಟಲಕ್ಷ್ಮಿ ಮಾತು ಕೇಳಿಸಿಕೊಂಡಳು. "ನಾನು ಹಿಟ್ಟು ನಾದಿ ಕೊಡ್ಲಾ ಅಮ್ಮ? ಮಾಸ್ಕ್ ಹಾಕ್ಕೊಂಡೇ ಮಾಡ್ತೀನಿ."

ಕಿಟಕಿಯ ಆಚೆಯಿಂದ ರೇವಣಸಿದ್ದಪ್ಪನವರ ದನಿ ಬಂತು. "ಬೇಡ ಜಯಾ. ಹೊರಗಿನವ್ರ ಕೈ ಬೇಡ. ಅಂಬುಜಾನ್ನ ಕರೆಸು. ಇವಳಿಗೆ ನಾವು ಬರೋ ತನಕ ರಜಾ ಕೊಡು."

ಪುಟ್ಟಲಕ್ಷ್ಮಿ ಕೊನೆಯ ಪಾತ್ರೆ ಬೋರಲು ಹಾಕಿ, ನಲ್ಲಿ ತಿರುಗಿಸಿ, "ಯಾವತ್ತು ಬರ್ಲಿ ಹೇಳಿ ಕಳ್ಸಿ ಅಮ್ಮ," ಎಂದು ಹೋದಳು.

ಅಂಬುಜಾ ರೇವಣಸಿದ್ದಪ್ಪನವರ ಒಬ್ಬಳೇ ತಂಗಿ. ಗಂಡ ತೀರಿಕೊಂಡ ಮೇಲೆ ಮಹಾಲಕ್ಷ್ಮಿ ಲೇಔಟಿನಲ್ಲಿ ಮಗನ ಮನೆಯಲ್ಲಿದ್ದಳು. ಅಣ್ಣನ ಮನೆಗೆ ಬಂದು ವರ್ಷವಾಗಿತ್ತು. ದಾವಣಗೆರೆಯಲ್ಲಿ ಯಾರದೋ ಮದುವೆ ಮುಗಿಸಿ ಆ ವಾರವೇ ವಾಪಸಾಗಿದ್ದವಳು ಕರೆ ಬಂದದ್ದೇ ತಡ ಆಟೋ ಹತ್ತಿ ಬಂದಳು. ಗೇಟಿನಲ್ಲಿ ಅವಳ ಕೈಗೆ ಸ್ಯಾನಿಟೈಸರ್ ಸುರಿದವರೇ ರೇವಣಸಿದ್ದಪ್ಪ. ಅಲ್ಲಿಗೆ ಅವರ ನಿಯಮ ಮುಗಿಯಿತು. ಸ್ವಂತ ತಂಗಿಗೆ ಮಾಸ್ಕ್ ಹಾಕಿಕೋ ಎಂದು ಯಾವ ಬಾಯಲ್ಲಿ ಹೇಳುವುದು?

ಅವತ್ತು ಅಡುಗೆಮನೆಗೆ ಹಬ್ಬದ ಕಳೆ. ಅಂಬುಜಾ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಪಟಪಟ ಬಡಿದು ತಟ್ಟೆಯಗಲ ಮಾಡಿದ ರೊಟ್ಟಿಯನ್ನು ಜಯದೇವಿ ಹೆಂಚಿನ ಮೇಲೆ ಬಟ್ಟೆಯಲ್ಲಿ ಒತ್ತಿ ಗರಿಗರಿ ಮಾಡಿದಳು. ಸೌಮ್ಯಶ್ರೀ ಬ್ಯಾಡಗಿ ಮೆಣಸಿನಕಾಯಿ ಹುರಿದಳು. ಘಾಟು ಮನೆಯಿಡೀ ತುಂಬಿ ಎಲ್ಲರೂ ಕೆಮ್ಮಿದರು, ಕಣ್ಣಲ್ಲಿ ನೀರು ತಂದುಕೊಂಡು ನಕ್ಕರು. ಅಂಬುಜಾ ಎಲ್ಲರಿಗಿಂತ ಹೆಚ್ಚು ಕೆಮ್ಮಿದಳು.

"ಏನೇ, ಊರಿನ ಖಾರ ತಿಂದು ಬೆಳೆದವಳು, ಇಷ್ಟಕ್ಕೆ ಕೆಮ್ತೀಯ?" ರೇವಣಸಿದ್ದಪ್ಪ ಮಹಡಿಯಿಂದ ಇಳಿದು ಬಂದು ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತರು.

"ಬೆಂಗಳೂರಿಗೆ ಬಂದು ಕೆಟ್ಟೆ ಅಣ್ಣ," ಎಂದು ಅಂಬುಜಾ ಬಿಸಿ ರೊಟ್ಟಿ ಮುರಿದು, ಬೆಣ್ಣೆ ಸವರಿ, ಅಣ್ಣನ ಬಾಯಿಗೇ ಇಟ್ಟಳು.

ರೇವಣಸಿದ್ದಪ್ಪ ಕಣ್ಣು ಮುಚ್ಚಿ ಅಗಿದರು. ತನ್ನ ಗಂಡ ಇಷ್ಟು ಸಮಾಧಾನವಾಗಿ ಕೂತು ತಿಂದದ್ದನ್ನು ಜಯದೇವಿ ನೋಡಿ ವರ್ಷವಾಗಿತ್ತು. ಅವಳಿಗೆ ಖುಷಿಯಾಯಿತು.

ಮೂರು ದಿನ ಬಿಟ್ಟು ಬೆಳಕು ಹರಿಯುವ ಮೊದಲೇ ಹೊರಟರು. ಬೀದಿಯವರಿಗೆ ಹೇಳಲಿಲ್ಲ. ಕಾಯಿಪಲ್ಯದವನನ್ನು ಕೂಡ ಗೇಟಿನಾಚೆ ನಿಲ್ಲಿಸುತ್ತಿದ್ದ ಮನುಷ್ಯ ಟೂರ್ ಹೊರಟಿದ್ದಾರೆ ಎಂದರೆ ಆಡಿಕೊಳ್ಳುವುದಿಲ್ಲವೇ? ದಾವಣಗೆರೆ ದಾಟಿ, ಶಿರಸಿ ದಾಟಿ, ಘಟ್ಟ ಇಳಿದು ಕುಮಟಾ ಹತ್ತಿರದ ಹೋಂ ಸ್ಟೇ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ದಾರಿಯುದ್ದಕ್ಕೂ ಕಾರಿನ ಗಾಜು ಏರಿಸಿಕೊಂಡೇ ಇದ್ದರು, ರಸ್ತೆ ಬದಿಯ ಮರದ ಕೆಳಗೆ ರೊಟ್ಟಿ ತಿಂದರು. ಹೋಂ ಸ್ಟೇಯ ಬಾಗಿಲ ಚಿಲಕ, ಸ್ವಿಚ್ಚು, ನಲ್ಲಿ ಎಲ್ಲವನ್ನೂ ರೇವಣಸಿದ್ದಪ್ಪ ತಾವೇ ಒರೆಸಿದರು. ಆಮೇಲೆ ಎಲ್ಲರೂ ಸಮುದ್ರಕ್ಕೆ ನಡೆದರು.

ಮಡಚಿಟ್ಟ ಸೀರೆಯನ್ನು ಯಾರೋ ಒಮ್ಮೆಲೇ ಬಿಡಿಸಿ ಹರವಿದ ಹಾಗೆ ಅದು ಜಯದೇವಿಯ ಎದುರು ಬಿಚ್ಚಿಕೊಂಡಿತು. "ಇಷ್ಟೊಂದು ನೀರಾ?" ಎಂದಳು. ಅದೊಂದೇ ಮಾತು ಹೊರಟಿದ್ದು. ಅನಘಾ ಅಜ್ಜಿಯ ಕೈ ಹಿಡಿದು ಎಳೆದಳು. ಅಲೆ ಬಂದು ಪಾದ ತೋಯಿಸಿ, ಹಿಮ್ಮಡಿಯ ಕೆಳಗಿನ ಮರಳನ್ನು ಕಿತ್ತುಕೊಂಡು ಹೋದಾಗ ಜಯದೇವಿ ಹುಡುಗಿಯ ಹಾಗೆ ಚೀರಿದಳು.

ಆದರೆ ಎಲ್ಲರೂ ಬೆರಗಾದದ್ದು ರೇವಣಸಿದ್ದಪ್ಪನವರನ್ನು ನೋಡಿ. ಪ್ಯಾಂಟು ಮಂಡಿಯ ತನಕ ಮಡಚಿ, ಮಾಸ್ಕು ಜೇಬಿಗೆ ತುರುಕಿ, ನೀರಿಗೆ ಇಳಿದೇಬಿಟ್ಟರು. ಮಾರನೇ ದಿನ ದಡದಲ್ಲಿ ಮಾರುತ್ತಿದ್ದವನ ಹತ್ತಿರ ಎಳನೀರು ಕೊಂಡು, ತೊಳೆಯದೆ, ಒರೆಸದೆ, ಅವನು ಕೊಟ್ಟ ಹಾಗೆಯೇ ಎತ್ತಿ ಕುಡಿದರು. ಸೌಮ್ಯಶ್ರೀ ಗಂಡನನ್ನು ತಿವಿದು "ನೋಡ್ರೀ ಮಾವನ್ನ," ಎಂದು ನಕ್ಕಳು.

ಎರಡನೇ ದಿನ ಸಂಜೆ ಗಂಡ ಹೆಂಡತಿ ಮರಳ ಮೇಲೆ ಕೂತಿದ್ದರು. ಮಗ, ಸೊಸೆ, ಮೊಮ್ಮಗಳು ದೂರದಲ್ಲಿ ಕಪ್ಪೆಚಿಪ್ಪು ಆಯುತ್ತಿದ್ದರು. ರೇವಣಸಿದ್ದಪ್ಪ ಅವಳ ಕೈ ಹಿಡಿದುಕೊಂಡರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾಲ್ಕು ಜನ ಓಡಾಡುವ ಕಡೆ ಅವರು ಹಾಗೆ ಕೈ ಹಿಡಿದವರಲ್ಲ. ಜಯದೇವಿಗೆ ಮೊದಲು ಸಂಕೋಚವಾಯಿತು, ಆಮೇಲೆ ಅವರ ಅಂಗೈಯನ್ನು ಮತ್ತೆ ಒತ್ತಿ ನೋಡಿದಳು.

"ರೀ, ಕೈ ಕಾದಿದೆ."

"ಬಿಸಿಲಲ್ಲಿ ಕುಣಿದಿದ್ದಕ್ಕೆ."

"ಬೆಳಗ್ಗೆ ಹೊರಟುಬಿಡೋಣ."

"ಇನ್ನೊಂದಿನ ಇರೋಣ ಕಣೇ," ಎಂದರು. "ಚನ್ನನಿಗೆ ಹೇಳ್ಬೇಡ. ಹೇಳಿದ್ರೆ ಈಗ್ಲೇ ಕಾರ್ ತೆಗೀತಾನೆ. ನಲವತ್ತು ವರ್ಷ ನಿನ್ನ ಕಾಯಿಸಿದೀನಿ. ನಾನೂ ಇಷ್ಟು ದಿನ ಯಾಕೆ ಬರ್ಲಿಲ್ಲ ಅನ್ಸುತ್ತೆ."

ಜಯದೇವಿ ಹೇಳಲಿಲ್ಲ. ಚೀಲದಲ್ಲಿದ್ದ ಜ್ವರದ ಮಾತ್ರೆ ಕೊಟ್ಟು ಸುಮ್ಮನಾದಳು. ಅವಳಿಗೂ ಇನ್ನೊಂದು ಬೆಳಗು ಆ ನೀರನ್ನು ನೋಡುವ ಆಸೆಯಿತ್ತು. ಆ ಆಸೆ ಇರಲಿಲ್ಲ ಎಂದು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು.

ವಾಪಸು ಬರುವಾಗ ಕಾರಿನಲ್ಲಿ ಅವರು ಉಸಿರು ಕಟ್ಟುವಂತೆ ಕೆಮ್ಮುತ್ತಿದ್ದರು. ಮನೆ ತಲುಪಿದ ಮಾರನೇ ದಿನ ಟೆಸ್ಟ್ ಮಾಡಿಸಿದರು. ಐದೂ ಜನಕ್ಕೆ ಬಂದಿತ್ತು. ಬಿಬಿಎಂಪಿಯವರು ಬಂದು ಗೇಟಿಗೆ ಪಟ್ಟಿ ಕಟ್ಟಿ ಹೋದರು. ಪಕ್ಕದ ಮನೆಯ ಗಿರಿರಾಜ್ ತಮ್ಮ ಕಾಂಪೌಂಡಿನ ಆಚೆ ತುದಿಯಲ್ಲಿ ನಿಂತು ಕೂಗಿದರು.

"ಏನ್ ಸಾರ್ ಇದು? ನಿಮ್ಮ ತಂದೆ ಗೇಟೇ ದಾಟ್ತಿರ್ಲಿಲ್ವಲ್ಲ! ಎಲ್ಲಿಗಾದ್ರೂ ಹೋಗಿದ್ರಾ? ಕಾರ್ ಇದ್ದಂಗಿರ್ಲಿಲ್ಲ?"

"ಇಲ್ಲ ಸಾರ್. ಕಾರು ಸರ್ವೀಸಿಗೆ ಬಿಟ್ಟಿದ್ದೆ," ಚನ್ನವೀರೇಶ್ ಬಾಗಿಲ ಬಳಿಯಿಂದಲೇ ಹೇಳಿದ.

"ಮತ್ತೆ ಹೆಂಗ್ ಬಂತು?"

ಚನ್ನವೀರೇಶ್ ಪಟ್ಟಿ ಕಟ್ಟಿದ ಗೇಟಿನ ಕಡೆ ನೋಡಿದ. "ಕೆಲಸದವಳೊಬ್ಳು ಬರ್ತಿದ್ಲಲ್ಲ ಸಾರ್," ಎಂದ.

"ಅದೇ ಮತ್ತೆ! ನಮ್ಮನೆಗೂ ಬರ್ತಾಳಲ್ಲ ಅವ್ಳು!" ಗಿರಿರಾಜ್ ಅಲ್ಲಿಂದಲೇ ಹೆಂಡತಿಯನ್ನು ಕೂಗುತ್ತ ಒಳಗೆ ಓಡಿದರು.

ಹಜಾರದಲ್ಲಿ ಮಲಗಿದ್ದ ಜಯದೇವಿ ಎಲ್ಲವನ್ನೂ ಕೇಳಿಸಿಕೊಂಡಳು. ಮೈ ಕೆಂಡದಂತೆ ಸುಡುತ್ತಿತ್ತು, ಕೋಣೆಯಲ್ಲಿ ಗಂಡ ಕೆಮ್ಮುತ್ತಿದ್ದರು. ಯಾರ ಮೇಲೆ ಏನು ಹೇಳಿದ ಎಂದು ಕೇಳುವ ತ್ರಾಣ ಇರಲಿಲ್ಲ ಎನ್ನಬಹುದು. ಆದರೆ ಹುಷಾರಾದ ಮೇಲೂ ಅವಳು ಕೇಳಲಿಲ್ಲ.

ಉಳಿದವರದು ಜ್ವರದಲ್ಲೇ ಮುಗಿಯಿತು. ರೇವಣಸಿದ್ದಪ್ಪನವರಿಗೆ ಉಸಿರು ಸಾಲದಾಯಿತು. ಅಷ್ಟು ಹೊತ್ತಿಗೆ ಊರಿನಲ್ಲಿ ಬೆಡ್ಡಿಗೆ ಹಾಹಾಕಾರ ಶುರುವಾಗಿತ್ತು. ಚನ್ನವೀರೇಶ್ ಜ್ವರದ ಮೈಯಲ್ಲೇ ಯಾರ್ಯಾರದೋ ಕೈಕಾಲು ಹಿಡಿದು ಒಂದು ಆಸ್ಪತ್ರೆಗೆ ಸೇರಿಸಿದ. ಅಲ್ಲಿಂದ ಒಂದು ಸಂಜೆ ನರ್ಸ್ ಒಬ್ಬಳು ವಿಡಿಯೋ ಕಾಲ್ ಮಾಡಿ ಕೊಟ್ಟಳು. ಮೂಗಿನ ಮೇಲೆ ಕೊಳವೆಯ ಮುಸುಕು. ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಬೀದಿಯವ್ರಿಗೆ ಹೇಳ್ಬೇಡಿ ಜಯಾ. ನಗ್ತಾರೆ. ಅಷ್ಟು ಹುಷಾರಾಗಿದ್ದೋನು ಬೀಚಿಗೆ ಹೋಗಿದ್ದ ಅಂತ."

"ಹೇಳಲ್ಲ ರೀ. ನೀವು ಸುಮ್ನೆ ಮಲಗಿ."

ಅದೇ ಕೊನೆಯ ಮಾತು. ದೇಹವನ್ನು ಮನೆಗೆ ಕೊಡಲಿಲ್ಲ. ಕೆಂಗೇರಿ ಆಚೆ ಎಲ್ಲೋ, ಮೈತುಂಬ ಪ್ಲಾಸ್ಟಿಕ್ ಉಡುಪು ತೊಟ್ಟ ನಾಲ್ಕು ಜನ ಮಣ್ಣು ಮಾಡಿದರು. ಹಣೆಗೆ ವಿಭೂತಿ ಹಚ್ಚಲಿಕ್ಕೂ ಹತ್ತಿರ ಬಿಡಲಿಲ್ಲ. ಚನ್ನವೀರೇಶ್ ದೂರದಲ್ಲಿ ಕಾರಿನ ಪಕ್ಕ ನಿಂತು ನೋಡಿ ಬಂದು, ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತ.

ಆಮೇಲೆ ಮನೆಯಲ್ಲಿ ಊಟದ ಹೊತ್ತು ಬಂದರೆ ಭಯವಾಗತೊಡಗಿತು. ಮೂರು ತುತ್ತು ಒಳಗೆ ಹೋಗುವುದರಲ್ಲಿ ಮಾತು ಅಲ್ಲಿಗೇ ಬರುತ್ತಿತ್ತು.

"ನೀನು ಫೋಟೋ ಫೋಟೋ ಅಂತ ಬಡ್ಕೊಂಡಿದ್ದಕ್ಕೆ."

"ರೇಟ್ ಅರ್ಧ ಆಗಿದೆ ಅಂದವ್ರು ಯಾರು? ಸೂಜಿ ಬಂದ್ಮೇಲೆ ಹಾಕಿಸೋಣ ಅಂದವ್ರು ಯಾರು?"

"ಬಾಯ್ಮುಚ್ಚು ಸೌಮ್ಯಾ."

"ನಾನ್ಯಾಕೆ ಮುಚ್ಲಿ? ಅತ್ತೆ ಸಮುದ್ರ ನೋಡ್ಬೇಕು ಅಂದಿದ್ದಕ್ಕೆ ತಾನೇ ಮಾವ ಒಪ್ಕೊಂಡಿದ್ದು?"

ಅನಘಾ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದಳು. ಸೌಮ್ಯಶ್ರೀ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಜಯದೇವಿ ಮಾತ್ರ ಅನ್ನ ಕಲಸುತ್ತಲೇ ಇರುತ್ತಿದ್ದಳು. ಫೋನಿನಲ್ಲಿದ್ದ ಸಮುದ್ರದ ಫೋಟೋಗಳನ್ನೆಲ್ಲ ಚನ್ನವೀರೇಶ್ ಅಳಿಸಿಹಾಕಿದ. ಆ ಊರಿನ ಹೆಸರು ಮನೆಯಲ್ಲಿ ಯಾರೂ ಎತ್ತಬಾರದು ಎಂದು ಹೇಳದೆಯೇ ಎಲ್ಲರಿಗೂ ಅರ್ಥವಾಗಿತ್ತು.

ಮೇ ತಿಂಗಳಲ್ಲಿ ಅಂಬುಜಾ ಫೋನ್ ಮಾಡಿದಳು. ಮಾತಿಗಿಂತ ಅಳುವೇ ಹೆಚ್ಚು.

"ಆ ಸಮುದ್ರ ನನ್ನ ಅಣ್ಣನ್ನ ನುಂಗ್ತು ಅತ್ತಿಗೆ. ನೀವು ಒಂದು ಮಾತು ಬೇಡ ಅಂದಿದ್ರೆ ಅವ್ನು ಹೋಗ್ತಿರ್ಲಿಲ್ಲ. ನಂಗೂ ಈಗ ಬಾಯಿ ರುಚಿ ಇಲ್ಲ, ಏನೂ ಇಲ್ಲ. ಕಾಫಿ ಕುಡಿದ್ರೆ ಬಿಸಿನೀರು ಕುಡ್ದಂಗಿದೆ. ನಿಮ್ಮನೆಗೆ ರೊಟ್ಟಿ ಬಡಿಯೋಕೆ ಬಂದಾಗ್ಲೇ ಹಂಗಿತ್ತು. ಆ ಬೆಣ್ಣೆ ವಾಸನೆನೂ ಗೊತ್ತಾಗ್ಲಿಲ್ಲ ಆವತ್ತು. ಮದುವೆ ಮನೆ ನೀರು, ನೆಗಡಿ ಆಗಿದೆ ಅನ್ಕೊಂಡೆ."

ಜಯದೇವಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿದಳು. ಆ ದಿನದ ಕೆಮ್ಮು, ಆ ಬಿಸಿ ರೊಟ್ಟಿ, ತೆರೆದ ಬಾಯಿ ಕಣ್ಣ ಮುಂದೆ ಬಂತು. ಸಮುದ್ರದ ದಡದಲ್ಲಿ ಕೈ ಕಾದಿದ್ದು ಎರಡನೇ ಸಂಜೆಯೇ. ಅಷ್ಟು ಬೇಗ ಕೊರೊನಾ ಅಲ್ಲಿಂದ ಅಂಟಲಿಕ್ಕೆ ಸಾಧ್ಯವಿರಲಿಲ್ಲ. ಮನೆಯಿಂದ ಹೊರಡುವಾಗಲೇ ಅದನ್ನು ಕಟ್ಟಿಕೊಂಡು ಹೊರಟಿದ್ದರು. ಅಂಬುಜಾಳಿಗೆ ಮಾತ್ರ ತಾನು ಏನು ಹೇಳಿದೆ ಎಂದು ಹೊಳೆಯಲೇ ಇಲ್ಲ. ಅವಳು ಸಮುದ್ರವನ್ನು ಬೈಯುತ್ತಲೇ ಇದ್ದಳು. ಜಯದೇವಿ ಬಾಯಿ ತೆರೆದವಳು ಮುಚ್ಚಿಕೊಂಡಳು. ಅಣ್ಣನಿಗೆ ತುತ್ತಿಟ್ಟ ಕೈಯೇ ಇದನ್ನು ಕೊಟ್ಟಿತು ಎಂದು ಹೇಳಿದರೆ ಆ ಜೀವ ಉಳಿಯುತ್ತದೆಯೇ?

"ಹೌದು ಅಂಬುಜಾ. ನಾನು ಬೇಡ ಅನ್ನಬೇಕಿತ್ತು," ಎಂದಳು.

ಎರಡನೇ ಲಾಕ್‌ಡೌನ್ ತೆರೆದು ಜನ ಓಡಾಡತೊಡಗಿದ ಮೇಲೂ ಪುಟ್ಟಲಕ್ಷ್ಮಿ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಎದುರು ಮನೆಯ ಮಾಲವಿಕಾ ಒಂದು ಬೆಳಗ್ಗೆ ರಂಗೋಲಿ ಹಾಕುತ್ತಿದ್ದಾಗ ಜಯದೇವಿ ಕೇಳಿದಳು. ಮಾಲವಿಕಾ ಕಾಲೇಜಿನಲ್ಲಿ ಪಾಠ ಹೇಳುವವಳು, ಬೀದಿಯ ಆಗುಹೋಗುಗಳೆಲ್ಲ ಅವಳಿಗೆ ಗೊತ್ತು.

"ಅಯ್ಯೋ, ನಿಮಗೆ ಗೊತ್ತಿಲ್ವಾ ಆಂಟಿ? ನಿಮ್ಮನೇಲಿ ಹಾಗಾದ್ಮೇಲೆ ಮೂರು ಮನೆಯವ್ರೂ ಬಿಡಿಸಿಬಿಟ್ವಿ. ನಿಮ್ಮ ಮಗನೇ ಹೇಳಿದ್ರಂತಲ್ಲ, ಅವಳಿಂದ ಬಂತು ಅಂತ. ಇನ್ನೊಂದು ಬೀದಿಗೂ ಕೇಳೋಕೆ ಹೋಗಿದ್ಲಂತೆ, ಅಲ್ಲೂ ಗೇಟ್ ತೆಗೀಲಿಲ್ಲ."

ಜಯದೇವಿ ಮನೆಗೆ ಬಂದವಳೇ ಮಗನ ಕೋಣೆಯ ಬಾಗಿಲು ತಳ್ಳಿದಳು. ಅವನು ಮೀಟಿಂಗಿನಲ್ಲಿದ್ದ. ಲ್ಯಾಪ್‌ಟಾಪಿನ ಮುಚ್ಚಳ ಅವಳೇ ಮುಚ್ಚಿದಳು.

"ಹೋಗಿ ಹೇಳು. ಅವಳಲ್ಲ ಅಂತ ಹೇಳು."

"ಏನಂತ ಹೇಳ್ಲಿ ಅಮ್ಮ? ಟೂರ್ ಹೋಗಿದ್ವಿ, ಅಪ್ಪನ್ನ ನಾವೇ ಸಾಯಿಸಿದ್ವಿ ಅಂತಾನಾ?"

"ಹೋಗಿದ್ವಿ ತಾನೇ?"

"ಅಪ್ಪಾಜಿ ಕೊನೇಲಿ ಕೇಳಿದ್ದು ಅದೊಂದೇ. ಯಾರಿಗೂ ಹೇಳ್ಬೇಡಿ ಅಂತ. ನೀನೇ ಮಾತು ಕೊಟ್ಟಿದೀಯ. ಪುಟ್ಟಲಕ್ಷ್ಮಿಗೆ ಬೇಕಾದ್ರೆ ದುಡ್ಡು ಕಳ್ಸೋಣ."

"ಅವಳು ದುಡ್ಡು ಕೇಳಿಲ್ಲ ಕಣೋ. ಅವಳ ಹೆಸರು ಹಾಳು ಮಾಡಿದೀಯ ನೀನು."

"ಹಾಗಾದ್ರೆ ಅಪ್ಪಾಜಿ ಹೆಸರು ಹಾಳಾಗ್ಲಾ?"

ಜಯದೇವಿ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಗಂಡನಿಗೆ ಕೊಟ್ಟ ಮಾತು ನೆನೆದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಬೆಳಗ್ಗೆ ತರಕಾರಿ ಗಾಡಿ ಬಂದಾಗ ಚೀಲ ಹಿಡಿದು ಹೊರಗೆ ಬಂದಳು. ಗಾಡಿಯ ಸುತ್ತ ಮಾಲವಿಕಾ ಇದ್ದಳು, ಗಿರಿರಾಜ್ ದಂಪತಿ ಇದ್ದರು, ಮೂಲೆ ಮನೆಯವರಿದ್ದರು. ಹುರಳಿಕಾಯಿ ಆರಿಸುತ್ತಲೇ ಜಯದೇವಿ ಶುರುಮಾಡಿದಳು.

"ನಮ್ಮನೆಗೆ ಕೊರೊನಾ ತಂದಿದ್ದು ಪುಟ್ಟಲಕ್ಷ್ಮಿ ಅಲ್ಲ. ಅವಳಿಗೆ ಆ ವಾರ ನಾನೇ ರಜಾ ಕೊಟ್ಟಿದ್ದೆ. ನಾವೆಲ್ಲ ಕುಮಟಾಕ್ಕೆ ಹೋಗಿದ್ವಿ, ಸಮುದ್ರ ನೋಡೋಕೆ. ಬಂದಿದ್ದು ನಮ್ಮೋರಿಂದಲೇ, ನಮ್ಮ ಅಡುಗೆಮನೇಲೇ. ನನ್ನ ಮಗ ಸುಳ್ಳು ಹೇಳ್ದ. ನಾನು ಕೇಳಿಸ್ಕೊಂಡು ಸುಮ್ನಿದ್ದೆ."

ಗಿರಿರಾಜ್ ಹೆಂಡತಿ ಮಾಸ್ಕ್ ಮೇಲಕ್ಕೆಳೆದುಕೊಂಡಳು. "ಟೂರಾ? ಆ ಯಜಮಾನ್ರಾ?" ಎಂದು ಗಿರಿರಾಜ್ ನಕ್ಕೂ ನಗದ ಹಾಗೆ ಕೇಳಿದರು. ಜಯದೇವಿಗೆ ಅದು ಕಪಾಳಕ್ಕೆ ಹೊಡೆದಂತಾಯಿತು. ಗಂಡ ಹೆದರಿದ್ದು ಇದೇ ನಗುವಿಗೆ.

ಮನೆಗೆ ತಿರುಗುವಾಗ ಮಾಲವಿಕಾ ಹಿಂದಿನಿಂದ ಬಂದು ದನಿ ತಗ್ಗಿಸಿದಳು. "ಇದನ್ನೆಲ್ಲ ಬೀದೀಲಿ ಯಾಕೆ ಹೇಳೋಕೆ ಹೋದ್ರಿ ಆಂಟಿ? ನಾವೂ ಆ ತಿಂಗಳು ಮಡಿಕೇರಿಗೆ ಹೋಗಿದ್ವಿ. ಗಿರಿರಾಜ್ ಅವ್ರು ಗೋವಾ. ಯಾರಾದ್ರೂ ಬಾಯಿ ಬಿಟ್ವಾ?"

"ಹಾಗಾದ್ರೆ ಪುಟ್ಟಲಕ್ಷ್ಮೀನ ವಾಪಸ್ ಕರೀರಿ."

"ಈಗ ಹೇಗೆ? ಪಾತ್ರೆ ತೊಳೆಯೋ ಮಿಷಿನ್ ತಗೊಂಡಾಯ್ತಲ್ಲ," ಎಂದಳು ಮಾಲವಿಕಾ.

ಅವತ್ತೇ ಮಧ್ಯಾಹ್ನ ಜಯದೇವಿ ಆಟೋ ಹಿಡಿದು ಹೇರೋಹಳ್ಳಿಗೆ ಹೋದಳು. ಹತ್ತು ವರ್ಷದಲ್ಲಿ ಅವಳು ಆ ಕಡೆ ಬಂದದ್ದೇ ಇಲ್ಲ. ಅಗೆದು ಬಿಟ್ಟ ರಸ್ತೆಯಲ್ಲಿ ಆಟೋದವನು ಇನ್ನು ಮುಂದೆ ಬರಲ್ಲ ಎಂದ. ಇಳಿದು, ಕೆಸರು ದಾಟಿ, ಮೂರು ಕಡೆ ಕೇಳಿ, ಶೀಟಿನ ಮನೆಗಳ ಸಾಲಿನಲ್ಲಿ ಕೊನೆಯದನ್ನು ಹುಡುಕಿದಳು. ಪುಟ್ಟಲಕ್ಷ್ಮಿ ಬಾಗಿಲಲ್ಲೇ ಕೂತು ಮಣೆಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದಳು. ಎರಡೂ ಅಂಗೈ ಕಪ್ಪಾಗಿತ್ತು. ತುಂಬ ಇಳಿದುಹೋಗಿದ್ದಳು. ಜಯದೇವಿಯನ್ನು ನೋಡಿ ಎದ್ದೇಳಲಿಲ್ಲ.

"ಕುರ್ಚಿ ಇಲ್ಲ ಅಮ್ಮ," ಎಂದಳು.

ಜಯದೇವಿ ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಕೂತಳು. ಬೀದಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಳು. ಈ ಸಲ ಅಂಬುಜಾಳ ಹೆಸರನ್ನೂ ಹೇಳಿದಳು. ಪುಟ್ಟಲಕ್ಷ್ಮಿಯ ಕೈ ನಿಂತಿತು.

"ನಾನಲ್ವಾ ಅಮ್ಮ?"

"ನೀನಲ್ಲ ಕಣೇ."

"ನನ್ನ ಗಂಡ ಕೇಳ್ದ ಅಮ್ಮ, ಅಷ್ಟು ಒಳ್ಳೆ ಸಾಹೇಬ್ರನ್ನ ನೀನೇ ತಿಂದ್ಯಾ ಅಂತ. ನಂಗೂ ಹಂಗೇ ಅನ್ಸಿತ್ತು. ಆ ಪಾತ್ರೆ ಮುಟ್ಟಿದ್ನಲ್ಲ, ಅದರಲ್ಲೇ ಹೋಗಿರ್ಬೇಕು ಅಂತ. ಇಷ್ಟು ದಿನ ದಿನಾ ಬೆಳಗ್ಗೆ ದೇವ್ರ ಮುಂದೆ ನಿಂತು ತಪ್ಪಾಯ್ತು ತಪ್ಪಾಯ್ತು ಅಂತ ಕೆನ್ನೆ ಬಡ್ಕೊಂಡಿದೀನಿ."

ಜಯದೇವಿ ಬೀದಿಯವರು ಬಿಡಿಸಿದ್ದು, ಗೇಟು ಮುಚ್ಚಿದ್ದು ಎಲ್ಲವನ್ನೂ ಲೆಕ್ಕ ಹಾಕಿಕೊಂಡು ಬಂದಿದ್ದಳು, ಇದನ್ನು ಹಾಕಿರಲಿಲ್ಲ. "ವಾಪಸ್ ಬಾ ಪುಟ್ಟಲಕ್ಷ್ಮಿ. ಒಳಗೆ ಬಂದೇ ಮಾಡು. ಯಾರೂ ತಡಿಯಲ್ಲ," ಎಂದಳು.

"ನಿಮ್ಮ ಬೀದಿಗೆ ಇನ್ನು ಬರಲ್ಲ ಅಮ್ಮ," ಎಂದಳು ಪುಟ್ಟಲಕ್ಷ್ಮಿ, ದನಿ ಏರಿಸದೆ. ಇನ್ನೊಂದು ಕಡ್ಡಿ ಎತ್ತಿಕೊಂಡಳು, ಹಿಟ್ಟು ಮೆತ್ತಿದಳು, ಹೊಸೆದಳು. ತಲೆ ಎತ್ತದೆಯೇ ಕೇಳಿದಳು. "ಚೆನ್ನಾಗಿತ್ತಾ?"

"ಏನು?"

"ಸಮುದ್ರ."

ಕೋಪದಲ್ಲಿ ಕೇಳಿದಳೋ, ತಿಳಿಯಲೆಂದೇ ಕೇಳಿದಳೋ ಜಯದೇವಿಗೆ ಗೊತ್ತಾಗಲಿಲ್ಲ. ಗಂಡ ಹೋದ ಮೇಲೆ ಈ ಮಾತನ್ನು ಮಗ ಕೇಳಿರಲಿಲ್ಲ, ಸೊಸೆ ಕೇಳಿರಲಿಲ್ಲ, ಅವಳು ತನ್ನನ್ನು ತಾನೂ ಕೇಳಿಕೊಂಡಿರಲಿಲ್ಲ.

"ಚೆನ್ನಾಗಿತ್ತು ಕಣೇ," ಎಂದಳು. "ತುಂಬ ಚೆನ್ನಾಗಿತ್ತು."

ಅಷ್ಟು ಹೇಳಿ, ಇಷ್ಟು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ಪುಟ್ಟಲಕ್ಷ್ಮಿ ಊದುಬತ್ತಿ ಹೊಸೆಯುತ್ತಲೇ ಇದ್ದಳು.